ರೊಟ್ಟಿಯ ಕಿಂಡಿ

ವಾರವಿಡೀ ಉಳಿದು ಒಣಗಿದ ರೊಟ್ಟಿಗಳನ್ನು ರಾಬಿಯಾ ಆಯಿ ಭಾನುವಾರ ಬೆಳಿಗ್ಗೆ ಬಟ್ಟೆಯ ಚೀಲಕ್ಕೆ ತುಂಬುತ್ತಿದ್ದಳು. ಒಂದೊಂದನ್ನೂ ತಿರುಗಿಸಿ ನೋಡಿ, ಮುಖ ಮೇಲಾಗುವಂತೆ ಇಡುತ್ತಿದ್ದಳು. ತಂದೂರಿನ ರೊಟ್ಟಿಗೆ ಮುಖವೂ ಉಂಟು, ಬೆನ್ನೂ ಉಂಟು. ಅದನ್ನು ಯಾರಾದರೂ ಬೋರಲು ಹಾಕಿದರೆ ಮನೆಯ ಹಿರಿಯರನ್ನೇ ಮಕಾಡೆ ಕೆಡವಿದಷ್ಟು ಸಂಕಟ ಆ ಮುದುಕಿಗೆ. ಒಂದು ಚೂರು ಚೀಲ ತಪ್ಪಿ ನೆಲಕ್ಕೆ ಬಿತ್ತು. ಐದು ವರ್ಷದ ದೋನಿಯಾರ್ ಓಡಿಬಂದು ಅದನ್ನೆತ್ತಿ ಮುತ್ತಿಟ್ಟು, ಹಣೆಗೊತ್ತಿಕೊಂಡು, ತುದಿಗಾಲಲ್ಲಿ ನಿಂತು ಗೋಡೆಯ ಗೂಡಿನಲ್ಲಿಟ್ಟ.

"ನೋಡ್ದೇನೇ ಮುಕದ್ದಸ್? ನಿನ್ನ ಗಂಡ ಇಷ್ಟುದ್ದ ಬೆಳೆದ ಮೇಲೂ ಇದನ್ನ ಕಲೀಲಿಲ್ಲ. ನನ್ನ ಮೊಮ್ಮಗ ಕಲ್ತ!" ಎಂದಳು ಆಯಿ ಹೆಮ್ಮೆಯಿಂದ.

ಕೌದಿಗೆ ಹತ್ತಿ ತುಂಬಿ ಹೊಲಿಯುತ್ತಿದ್ದ ಸೊಸೆ ತಲೆಯೆತ್ತದೆ ನಕ್ಕಳು. "ಕಲಿಯೋಕೆ ಅವರೆಲ್ಲಿ ಮನೇಲಿದಾರೆ, ಆಯಿ?"

ಮಾತು ಸುಳ್ಳಲ್ಲ. ಸೋಬಿರ್ ರಷ್ಯಾದಲ್ಲಿ ಗೋಡೆ ಕಟ್ಟುವ ಕೆಲಸಕ್ಕೆ ಹೋದಾಗ ಮಗನಿಗಿನ್ನೂ ಹಲ್ಲು ಬಂದಿರಲಿಲ್ಲ. ಅವರ ಊರಿದ್ದ ಕಣಿವೆಯ ಅರ್ಧದಷ್ಟು ಗಂಡಸರಂತೆ ಅವನೂ ಫೋನಿನೊಳಗೇ ಸಂಸಾರ ಮಾಡುತ್ತಿದ್ದ.

ಉಳಿದ ರೊಟ್ಟಿಯನ್ನು ಆ ಊರಿನಲ್ಲಿ ಯಾರೂ ಕಸಕ್ಕೆ ಹಾಕುವುದಿಲ್ಲ. ಹಾಕಿದರೆ ಪಾಪ. ಮೊದಲೆಲ್ಲ ಚೀಲಕ್ಕೆ ತುಂಬಿ ಬೀದಿಯ ಮರಕ್ಕೆ ನೇತುಹಾಕುತ್ತಿದ್ದರು. ಹಸು ಸಾಕಿದವರು ಯಾರೋ ಒಯ್ಯುತ್ತಿದ್ದರು. ಎಲ್ಲರೂ ಅಕಾ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಊರಂಚಿನ ಮೃಗಾಲಯದ ಮೇಲ್ವಿಚಾರಕ ಲುತ್ಫುಲ್ಲಾನ ಕಣ್ಣು ಆ ಚೀಲಗಳ ಮೇಲೆ ಬಿತ್ತು. ಸರ್ಕಾರದಿಂದ ಬರುವ ಮೇವು ಪ್ರಾಣಿಗಳಿಗೆ ಸಾಲುತ್ತಿರಲಿಲ್ಲ. "ನಿಮ್ಮ ರೊಟ್ಟಿ ನಮ್ಮ ಕರಡಿಗೆ ಕೊಡಿ" ಎಂದು ಊರಿಗೆಲ್ಲ ಸಾರಿದ. ಜನ ಬಂದರು, ಆದರೆ ಕೈಯಲ್ಲಿ ರೊಟ್ಟಿ ಹಿಡಿದು ಹಾಗೇ ನಿಂತರು. ರೊಟ್ಟಿಯನ್ನು ಎಸೆಯುವುದುಂಟೇ! ನಾಯಿಗೂ ಎಸೆಯದವರು ಕಲ್ಲು ತೂರಿದಂತೆ ಬೇಲಿಯಾಚೆ ತೂರುವುದೆಂದರೇನು? ಸರಿ, ಲುತ್ಫುಲ್ಲಾ ಹೊರಗಿನ ಬೇಲಿಯಲ್ಲಿ ಒಂದು ದಾರಿ ಬಿಡಿಸಿದ. ಒಳಗಿನ ಕಬ್ಬಿಣದ ಜಾಲರಿಯಲ್ಲಿ ಮೊಣಕಾಲೆತ್ತರಕ್ಕೆ ಕಿಂಡಿ ಕೊರೆಸಿ ಹಲಗೆ ಇಡಿಸಿದ. ಮದುವೆಯ ದೊಡ್ಡ ರೊಟ್ಟಿಯೂ ಮುರಿಯದೆ ಹೋಗಲೆಂದು ಕಿಂಡಿಯನ್ನು ಧಾರಾಳವಾಗಿಯೇ ಕೊರೆಸಿದ. ಊರಿಗೆ ಊರೇ ಹೊಗಳಿತು. ರಾಬಿಯಾ ಆಯಿ ಅಂಗೈ ಚಾಚಿ ಅವನಿಗಾಗಿ ಪ್ರಾರ್ಥನೆಯನ್ನೂ ಮಾಡಿದಳು. ಮದುವೆ ರೊಟ್ಟಿ ತೂರುವ ಕಿಂಡಿಯಲ್ಲಿ ಐದು ವರ್ಷದ ಮಗುವೂ ತೂರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಕರಡಿಯ ಹೆಸರು ಪಾಲ್ವಾನ್. ಸರ್ಕಸ್ಸಿನಲ್ಲಿ ವಯಸ್ಸು ಸವೆಸಿ ಬಂದ ಮುದಿ ಪ್ರಾಣಿ. ಬಂದವರು ರೊಟ್ಟಿಯನ್ನು ಹಣೆಗೊತ್ತಿಕೊಂಡು ಹಲಗೆಯ ಮೇಲಿಡುತ್ತಿದ್ದರಲ್ಲ, ಆ ಕೈ ಮೇಲೇರಿದ್ದು ಕಂಡರೆ ಸಾಕು, ಅದು ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿತ್ತು. ಸರ್ಕಸ್ಸಿನವರು ಹೊಡೆದು ಕಲಿಸಿದ ಪಾಠ ಅದು. ಜನ ಚಪ್ಪಾಳೆ ತಟ್ಟುತ್ತಿದ್ದರು. "ನಮ್ಮ ರೊಟ್ಟಿಗೆ ಕರಡಿ ಕೂಡ ಎದ್ದು ನಿಂತು ಮರ್ಯಾದೆ ಕೊಡತ್ತೆ ನೋಡ್ರಪ್ಪಾ" ಎಂದು ನಗುತ್ತಿದ್ದರು.

ಆ ಭಾನುವಾರ ಮುಕದ್ದಸ್ ಮಗನ ಕೈ ಹಿಡಿದು ಕಿಂಡಿಯ ಹತ್ತಿರ ಬರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ತೆರೆಯ ಮೇಲೆ ಸಿಮೆಂಟು ಮೆತ್ತಿದ ಟೋಪಿಯ ಸೋಬಿರ್.

"ಎಲ್ಲಿ ನನ್ನ ಹುಲಿ? ತೋರ್ಸು, ಕರಡಿಗೆ ರೊಟ್ಟಿ ಇಡೋದು ತೋರ್ಸು."

ಅವಳು ತೋರಿಸಿದಳು. ದೋನಿಯಾರ್ ಒಂದು ರೊಟ್ಟಿ ಇಟ್ಟ, ಇನ್ನೊಂದು ಇಟ್ಟ. ಕರಡಿ ಆಚೆ ಮೂಲೆಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ಮಲಗಿತ್ತು. ಸೋಬಿರ್ ನಕ್ಕ, ಆಮೇಲೆ ಗಂಟಲು ಸರಿಮಾಡಿಕೊಂಡ.

"ಕೇಳಿಲ್ಲಿ. ಈ ಸಲ ಹಬ್ಬಕ್ಕೂ ಬರೋಕಾಗಲ್ಲ."

"ಹೋದ ಸಲಾನೂ ಇದನ್ನೇ ಅಂದ್ರಿ."

"ನಾನೇನು ಇಲ್ಲಿ ಮಜಾ ಮಾಡ್ತಿದೀನಾ?"

"ನಾನೇನು ಇಲ್ಲಿ ಮಾಡ್ತಿದೀನಿ ಹಾಗಾದ್ರೆ? ಮಗ ನಿಮ್ಮನ್ನ ಫೋನಿನೊಳಗಿನ ಅಪ್ಪ ಅಂತಾನೆ, ಗೊತ್ತಾ?"

ಕಣ್ಣು ತುಂಬಿ ಬಂತು. ಅಳುವುದನ್ನು ಮಗ ನೋಡಬಾರದೆಂದು ಅವಳು ಫೋನನ್ನು ಕಿವಿಗೊತ್ತಿಕೊಂಡು, ಕಿಂಡಿಗೆ ಬೆನ್ನು ಹಾಕಿ ಎರಡು ಹೆಜ್ಜೆ ಆಚೆ ಸರಿದಳು. ಪಕ್ಕದಲ್ಲಿ ಹತ್ತಾರು ಜನರಿದ್ದರು. ಎಲ್ಲರ ಕೈಯಲ್ಲೂ ಫೋನಿತ್ತು.

ಮೂರನೆಯ ರೊಟ್ಟಿ ಹಲಗೆಯಿಂದ ಜಾರಿ ಒಳಗಡೆ ಮಣ್ಣಿಗೆ ಬೋರಲು ಬಿತ್ತು. ದೋನಿಯಾರ್ ಅಮ್ಮನ ಬೆನ್ನು ನೋಡಿದ. "ಅಮ್ಮಾ, ರೊಟ್ಟಿ ಬಿತ್ತು" ಎಂದ. ಅವಳು ಹಿಂತಿರುಗದೆ "ಇರು ಕಂದಾ" ಎಂದಳು. ರೊಟ್ಟಿ ಬಿದ್ದರೆ ಇರುವುದು ಹೇಗೆ? ಅವನಿಗೆ ಯಾರೂ ಹಾಗೆ ಕಲಿಸಿರಲಿಲ್ಲ. ಹಲಗೆಯ ಮೇಲೆ ಹೊಟ್ಟೆಯೂರಿ ತೆವಳಿ, ತಲೆ ತೂರಿಸಿ, ಒಳಗಿಳಿದ.

ಹೆಂಗಸೊಬ್ಬಳು ಕಿರುಚಿದ ಮೇಲೆ ಮುಕದ್ದಸ್ ತಿರುಗಿದಳು. ಮಗ ಜಾಲರಿಯಾಚೆ ನಿಂತಿದ್ದ. ರೊಟ್ಟಿಯ ಮಣ್ಣು ಊದಿ, ಮುತ್ತಿಟ್ಟು, ಹಣೆಗೊತ್ತಿಕೊಂಡ. ಎಲ್ಲಾದರೂ ಎತ್ತರದ ಜಾಗವಿದೆಯೇ ಎಂದು ಸುತ್ತ ನೋಡುತ್ತ ಕೈಯನ್ನು ಮೇಲೆತ್ತಿಯೇ ಹಿಡಿದಿದ್ದ. ಬಳಿಗೆ ಬಂದಿದ್ದ ಕರಡಿ ಆ ಕೈ ಕಂಡು, ಕಲಿತ ಪಾಠದಂತೆ, ಹಿಂಗಾಲ ಮೇಲೆ ಎದ್ದು ನಿಂತಿತು.

ಮುಕದ್ದಸ್ ಕಿಂಡಿಗೆ ಹಾರಿದಳು. ತಲೆ ಹೋಯಿತು, ಹೆಗಲು ಹೋಗಲಿಲ್ಲ. ಸುತ್ತಲೂ ಚೀರಾಟ. ಕೆಲವರು ಚೀರುತ್ತಲೇ ಫೋನು ಎತ್ತಿ ಹಿಡಿದಿದ್ದರು. ಕೋವಿ ಹಿಡಿದ ಕಾವಲುಗಾರನ ಜೊತೆ ಲುತ್ಫುಲ್ಲಾ ಓಡಿಬಂದ. ಕಾವಲುಗಾರ ಒಂದು ಗಳಿಗೆ ಅನುಮಾನಿಸಿದ. "ಅಕಾ, ಅದು ಸುಮ್ನೆ ನಿಂತಿದೆ..."

"ಹೊಡಿಯೋ! ನೋಡ್ತಾ ನಿಂತ್ಯಾ? ಹೊಡಿ!"

ಪಾಲ್ವಾನನಿಗೆ ಗುಂಡು ಬಿದ್ದಾಗ ಅದರ ಕಣ್ಣು ರೊಟ್ಟಿಯ ಮೇಲಿತ್ತು. ಅಷ್ಟು ದೊಡ್ಡ ದೇಹ ಮುಂದಕ್ಕೆ ಕುಸಿಯಿತು. ದೋನಿಯಾರನ ಬಲಗಾಲು ಅದರಡಿ ಸಿಕ್ಕಿ, ಜಾಲರಿಯ ಬುಡದ ಕಲ್ಲಿನ ಅಂಚಿಗೆ ಜಜ್ಜಿಹೋಯಿತು.

ಆ ಪಾದವನ್ನು ವೈದ್ಯರು ಉಳಿಸಲಾರದೆ ಹೋದರು.

ಸಂಜೆಯೊಳಗೆ ಆ ದೃಶ್ಯ ಎಲ್ಲರ ಫೋನಿಗೂ ತಲುಪಿತ್ತು. ಮಗುವನ್ನು ಎತ್ತಲು ಒಬ್ಬರೂ ಬರಲಿಲ್ಲ, ಚಿತ್ರ ಮಾತ್ರ ನಾಲ್ಕು ದಿಕ್ಕಿನಿಂದ ಸಿಕ್ಕಿತ್ತು. ಅದರಲ್ಲಿ ಮುಕದ್ದಸ್‌ಳ ಬೆನ್ನು ಸ್ಪಷ್ಟವಾಗಿತ್ತು, ಕಿವಿಗೊತ್ತಿದ ಫೋನೂ. ಕೆಳಗೆ ಜನ ಬರೆದಿದ್ದರು: ಇಂಥವಳ ಗರ್ಭ ಒಣಗಲಿ. ಕರಡಿಯ ಬದಲು ಇವಳಿಗೆ ಹೊಡೆಯಬೇಕಿತ್ತು. ಗಂಡ ಪರದೇಶದಲ್ಲಿ, ಇವಳು ಯಾವನ ಜೊತೆ ಹರಟುತ್ತಿದ್ದಳೋ.

ಯಾವನ ಜೊತೆ ಎಂಬುದು ಗೊತ್ತಿದ್ದವನು ಸೋಬಿರ್ ಒಬ್ಬನೇ. ಅವನೂ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ, "ಒಂದು ಮಗೂನ ನೋಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?" ಎಂದು ಕೂಗಿದ. ರಾಬಿಯಾ ಆಯಿಯಂತೂ ಓಣಿಯ ಹೆಂಗಸರ ಎದುರಿಗೇ ಸೊಸೆಯ ಮುಖಕ್ಕೆ ಉಗಿದಳು. "ಕಣ್ಣು ಕಿತ್ತು ಫೋನಿಗೆ ಅಂಟಿಸ್ಕೊಂಡಿದ್ಯೇನೇ? ನನ್ನ ಮೊಮ್ಮಗನ್ನ ಕುಂಟ ಮಾಡ್ದೆ. ನಿನ್ನ ಕೈಯ ನೀರೂ ಬೇಡ ನಂಗೆ." ಮುಕದ್ದಸ್ ಮುಖ ಒರೆಸಿಕೊಳ್ಳಲಿಲ್ಲ. ಉಗುಳು ಒಣಗುವವರೆಗೆ ಹಾಗೇ ಕೂತಿದ್ದಳು.

ಮೂರನೆಯ ದಿನ ಲುತ್ಫುಲ್ಲಾ ಆಸ್ಪತ್ರೆಗೆ ಬಂದ. ಕೈಯಲ್ಲಿ ಸೇಬಿನ ಚೀಲ. ಓಣಿಯಲ್ಲಿ ಎಲ್ಲರೂ ಬೆನ್ನು ತಿರುಗಿಸಿದ ಮೇಲೆ ಅವಳನ್ನು ಮೊದಲು ಮೆತ್ತಗೆ ಮಾತಾಡಿಸಿದವನು ಅವನೇ.

"ತಂಗಿ, ಆಗಿದ್ದು ಆಗೋಯ್ತು. ನಾಳೆ ಟಿ.ವಿ.ಯವರು ಬರ್ತಾರೆ. ಕರಡಿಗೆ ಹುಚ್ಚು ಹಿಡಿದಿತ್ತು, ಮೇಲೆರಗ್ತು ಅಂತ ನಾನು ಹೇಳ್ತೀನಿ. ನೀನೂ ಹಾಗೇ ಹೇಳು. ನಿನ್ನ ತಪ್ಪಿಲ್ಲ, ನನ್ನ ತಪ್ಪಿಲ್ಲ. ಜನ ಸುಮ್ಮನಾಗ್ತಾರೆ."

ಅವಳಿಗೆ ಆಸೆಯಾಯಿತು. ಒಂದು ಮಾತು, ಅಷ್ಟೇ. ಅತ್ತೆ ಮತ್ತೆ ಹತ್ತಿರ ಸೇರಿಸಿಕೊಳ್ಳಬಹುದು, ಗಂಡ ಮೊದಲಿನ ದನಿಯಲ್ಲಿ ಮಾತಾಡಬಹುದು.

"ಅಕಾ, ನನ್ನ ಮಗ ಕೈ ಎತ್ತಿದಾಗ ಅದು ಎದ್ದು ನಿಲ್ತು. ಬೇರೆಯವರು ಎತ್ತಿದ್ರೂ ನಿಲ್ತಿತ್ತಲ್ವಾ?"

"...ನಿಲ್ತಿತ್ತು."

"ದಿನಾ?"

"ದಿನಾ ನಿಲ್ತಿತ್ತು ತಾಯಿ! ನಂಗೊತ್ತಿಲ್ವಾ? ಆದ್ರೆ ಒಳಗಿರೋದು ಮಗು. ಹೊರಗೆ ನೂರು ಜನ ಬಾಯಿ ಬಡ್ಕೋತಿದಾರೆ. ನಾನು ಕಾಯ್ತಾ ನಿಂತು, ಆ ಗಳಿಗೇಲಿ ಅದರ ಬುದ್ಧಿ ಕೆಟ್ಟಿದ್ರೆ? ಆಗ ನೀನೇ ನನ್ನ ಕುತ್ತಿಗೆ ಹಿಡೀತಿದ್ದೆ."

"ಹಿಡೀತಿದ್ದೆ" ಎಂದಳು ಅವಳು. ಅದು ನಿಜವಾಗಿತ್ತು. "ಕಿಂಡಿ ಮುಚ್ಚಿದ್ರಾ?"

ಅವನು ಸೇಬಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ರೊಟ್ಟಿ ನಿಂತ್ರೆ ಉಳಿದ ಪ್ರಾಣಿಗಳು ಏನು ತಿನ್ಬೇಕು? ಕಿಂಡಿ ಏನು ಮಾಡ್ತು? ಮಗೂನ ಹಿಡ್ಕೋಬೇಕಾದವಳು ನೀನಲ್ವಾ?"

"ನಾನೇ."

ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾಳೆಂದು ಅವನು ಎಣಿಸಿರಲಿಲ್ಲ. ಸೇಬನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ. ಮರುದಿನ ಮುಕದ್ದಸ್ ಟಿ.ವಿ.ಯವರ ಮುಂದೆ ಬಾಯಿ ತೆರೆಯಲಿಲ್ಲ. ಲುತ್ಫುಲ್ಲಾ ಒಬ್ಬನೇ ಮಾತಾಡಿದ, ಊರು ನಂಬಿತು. ಸತ್ತ ಕರಡಿಗೆ ಹುಚ್ಚೆಂಬ ಹೆಸರು ಬಂತು. ಕಿಂಡಿ ತೆರೆದೇ ಉಳಿಯಿತು.

ಮಗುವನ್ನು ಮನೆಗೆ ತಂದ ಮೇಲೆ ಆಯಿ ಸೊಸೆಯೊಂದಿಗೆ ಮಾತು ಬಿಟ್ಟಳು. ಮೊಮ್ಮಗನಿಗೆ ತಾನೇ ಉಣಿಸುತ್ತಿದ್ದಳು. ಒಂದು ಮಧ್ಯಾಹ್ನ ಚಹಾ ಹೊತ್ತಿನಲ್ಲಿ ಅವಳ ಕೈಯಿಂದ ರೊಟ್ಟಿಯ ಚೂರೊಂದು ಜಾರಿ ದೋನಿಯಾರನ ಹಾಸಿಗೆಯ ಪಕ್ಕಕ್ಕೆ ಬೋರಲು ಬಿತ್ತು.

ಹುಡುಗ ಅದನ್ನು ನೋಡಿದ. ನೋಡಿದವನೇ ಗೋಡೆಗೆ ಒರಗಿ, ಉಳಿದ ಒಂದು ಕಾಲನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕಿರುಚಲು ಶುರುಮಾಡಿದ. "ನಾನು ಬೀಳಿಸ್ಲಿಲ್ಲ! ಅಜ್ಜೀ, ನಾನು ಎತ್ತಲ್ಲ! ಇದನ್ನೂ ತಗೋಬೇಡಿ, ನಾನು ಎತ್ತಲ್ಲ!"

ರಾಬಿಯಾ ಆಯಿಯ ಚಹಾ ಬಟ್ಟಲು ಕೆಳಗುರುಳಿತು. ಅವನಿಗೆ ಕಲಿಸಿದವಳು ಅವಳೇ. ಕಿಂಡಿ ಕೊರೆದವನಿಗೆ ಒಳ್ಳೆಯದಾಗಲೆಂದು ಬೇಡಿದವಳೂ ಅವಳೇ. ಚೀಲ ತುಂಬಿ ಕಳಿಸಿದ್ದೂ ಅವಳೇ. ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಮಾತು ಬಂತು.

"ಮಗಳೇ, ನಾನು ಉಗಿದಿದ್ದು ನನ್ನ ಮುಖಕ್ಕೆ ಬೀಳ್ಬೇಕಿತ್ತು ಕಣೇ."

"ನನಗೆ ಬಿದ್ದಿದ್ದೂ ಸರಿನೇ, ಆಯಿ. ಇರು ಅಂದವಳು ನಾನು. ಹಿಂದಕ್ಕೆ ತಿರುಗಿ ನೋಡಲಿಲ್ಲ."

ಮುಂದಿನ ಭಾನುವಾರ ದೋನಿಯಾರನನ್ನು ಸೋಬಿರ್‌ನ ತಂಗಿಯ ಮಡಿಲಲ್ಲಿ ಬಿಟ್ಟು ಇಬ್ಬರೂ ಮೃಗಾಲಯಕ್ಕೆ ಹೋದರು. ಮುಕದ್ದಸ್‌ಳ ಚೀಲದಲ್ಲಿ ಒಂದು ಸುರುಳಿ ತಂತಿಯೂ ಇಕ್ಕಳವೂ ಇದ್ದವು. ಕಿಂಡಿಯ ಮುಂದೆ ಎಂದಿಗಿಂತ ಹೆಚ್ಚು ಜನ. ಮಗುವಿನ ಕಾಲು ಹೋದ ಜಾಗ ನೋಡಲು ಬೇರೆ ಊರಿನವರೂ ಬಂದಿದ್ದರು. ಒಳಗೆ ಹೊಸದಾಗಿ ತಂದ ಎಳೆಯ ಕರಡಿ. ಯಾರೋ ತನ್ನ ಪುಟ್ಟ ಮಗಳನ್ನು ಹಲಗೆಯ ಮೇಲೆಯೇ ಕೂರಿಸಿ, "ನಗು, ನಗು, ಇಲ್ಲಿ ನೋಡು" ಎನ್ನುತ್ತ ಚಿತ್ರ ತೆಗೆಯುತ್ತಿದ್ದ.

ಮುಕದ್ದಸ್ ಆ ಹುಡುಗಿಯನ್ನೆತ್ತಿ ಅವನ ಕೈಗೆ ಕೊಟ್ಟಳು.

"ಏಯ್, ಯಾರಮ್ಮ ನೀನು?"

"ಅಯ್ಯೋ, ಇವಳು ಅವಳೇ! ಆ ಫೋನಿನವಳು!" ಎಂದಳು ಒಬ್ಬಳು. ಗುಂಪು ಹತ್ತಿರ ಒತ್ತಿಕೊಂಡಿತು. ಫೋನುಗಳು ಮೇಲೆದ್ದವು. "ನಿನ್ನ ಮಗೂನ ತಿನ್ನಿಸಿದ್ದು ಸಾಲ್ದಾ, ಈಗ ನಮಗೆ ಬುದ್ಧಿ ಹೇಳೋಕೆ ಬಂದ್ಯಾ?" ಎಂದು ಹಿಂದಿನಿಂದ ಕೇಳಿತು. ಯಾರೋ ಕಲ್ಲಂಗಡಿ ಸಿಪ್ಪೆ ಎಸೆದರು. ಅದು ಅವಳ ಕುತ್ತಿಗೆಗೆ ತಾಗಿ ಜಾರಿತು. ರೊಟ್ಟಿ ಎಸೆಯಲು ಹಿಂಜರಿಯುವ ಜನಕ್ಕೆ ಅದೇನೂ ಕಷ್ಟವಾಗಲಿಲ್ಲ.

ಮುಕದ್ದಸ್ ಮೊಣಕಾಲೂರಿ ಕೂತು, ಕೌದಿ ಹೊಲಿಯುವಂತೆ ಕಿಂಡಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಂತಿ ಎಳೆಯತೊಡಗಿದಳು. ರಾಬಿಯಾ ಆಯಿ ಜನರ ಕಡೆ ಮುಖ ಮಾಡಿ, ಸೊಸೆಯ ಬೆನ್ನಿಗೆ ಅಡ್ಡವಾಗಿ ನಿಂತು ಸೆರಗೊಡ್ಡಿದಳು. "ರೊಟ್ಟಿ ನನ್ನ ಹತ್ರ ಕೊಡ್ರಪ್ಪಾ. ನಾನು ಮೃಗಾಲಯದ ಆಳಿನ ಕೈಗೆ ಕೊಡ್ತೀನಿ. ಅವನು ಬುಟ್ಟೀಲಿ ಒಳಗಿಡ್ತಾನೆ. ರೊಟ್ಟಿಗೇನೂ ಅವಮಾನ ಆಗಲ್ಲ."

ಗದ್ದಲ ಕೇಳಿ ಲುತ್ಫುಲ್ಲಾ ಬಂದ. "ಯಾರನ್ನ ಕೇಳಿ ಇದನ್ನ ಮಾಡ್ತಿದೀಯ? ಸರ್ಕಾರದ ಸ್ವತ್ತು ಇದು!"

ಅವಳು ಇನ್ನೊಂದು ಎಳೆ ತಂತಿ ಬಿಗಿದಳು. ಅಷ್ಟರಲ್ಲಿ ಗುಂಪಿನಲ್ಲಿ ಒಬ್ಬ ರೊಟ್ಟಿಯನ್ನು ಹಣೆಗೊತ್ತಿ ಆಯಿಯ ಸೆರಗಿಗೆ ಹಾಕಿದ. ಆ ಕೈ ಮೇಲೇರಿದ್ದೇ ತಡ, ಒಳಗಿನ ಎಳೆಯ ಕರಡಿ ತೂರಾಡುತ್ತ ಹಿಂಗಾಲ ಮೇಲೆ ಎದ್ದು ನಿಂತಿತು. ಈ ಕರಡಿ ಸರ್ಕಸ್ಸಿನದಲ್ಲ. ಅದಕ್ಕೆ ಆ ಪಾಠ ಕಲಿಸಿದ್ದು ಇಲ್ಲಿಯೇ, ಈ ಕಿಂಡಿಯಲ್ಲೇ. ಜನ ಚಪ್ಪಾಳೆ ತಟ್ಟಿದರು. ಲುತ್ಫುಲ್ಲಾ ಮಾತ್ರ ಚಪ್ಪಾಳೆಯ ಸದ್ದಿಗೆ ಬೆಚ್ಚಿ, ಕಾವಲುಗಾರನ ಹೆಗಲ ಮೇಲಿನ ಕೋವಿಯ ಕಡೆ ನೋಡಿದ.

ತಂತಿ ಗಡುಸಾಗಿತ್ತು. ಮುಕದ್ದಸ್‌ಳ ಬೆರಳು ಕೊಯ್ದು ರಕ್ತ ಬರುತ್ತಿತ್ತು. ಒಂದು ತುದಿ ಹಿಡಿದರೆ ಇನ್ನೊಂದು ತುದಿ ಸಡಿಲುತ್ತಿತ್ತು. ಲುತ್ಫುಲ್ಲಾ ಹತ್ತಿರ ಬಂದು ಬಾಗಿದ.

"ಹುಡುಗ ನಡೀತಾನಾ?" ಎಂದು ಮೆಲ್ಲಗೆ ಕೇಳಿದ.

"ಮರದ ಪಾದ ಹಾಕಿದ ಮೇಲೆ."

"ತಪ್ಪು ನಿಂದೂ ಇದೆ, ತಂಗಿ."

"ಇದೆ, ಅಕಾ. ಅದಕ್ಕೇ ಇಲ್ಲಿಗೆ ಬಂದೆ." ಅವಳು ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದಳು. "ನೀವ್ಯಾಕೆ ಬಂದ್ರಿ?"

ಅವನು ಅಷ್ಟು ಜನರ ಎದುರಿನಲ್ಲಿ, ಅಷ್ಟು ಫೋನುಗಳ ಎದುರಿನಲ್ಲಿ, ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಸಡಿಲಾದ ತಂತಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ.