ಕರೆಯದೆ ಬಂದ ಪೆಟ್ಟಿಗೆಗಳು

ಒಂದಾನೊಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳು ನಾದಿದ ಮುಸುಕಿನ ಜೋಳದ ಹಿಟ್ಟು ಎಷ್ಟು ಹಗುರವೆಂದರೆ, ಒಂದು ಉಂಡೆ ನೀರಿಗೆ ಹಾಕಿದರೆ ತೇಲುತ್ತಿತ್ತು. ಅದೇ ಊರಿನಲ್ಲಿ ಮೈಯಿಲ್ಲದ ಒಂದು ದನಿಯಿತ್ತು. ಅದು ಕದ ತಟ್ಟದೆಯೇ ಮನೆಯೊಳಗೆ ಬರುತ್ತಿತ್ತು. ನನ್ನಜ್ಜಿ ನಾತಿವಿದಾದ್ ಕಥೆ ಶುರುಮಾಡುವುದು ಹೀಗೆ, ನನಗೂ ಬೇರೆ ಥರ ಬರುವುದಿಲ್ಲ. ಊರು ಲಾಸ್ ಏಂಜಲೀಸ್. ಹೆಂಗಸು ನನ್ನವ್ವ ಹೆರ್ಮೆಲಿಂಡಾ. ದನಿಯ ಹೆಸರು ರಾಮಿರೊ. ಅವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ಅವ್ವನನ್ನು ಬೈಯುತ್ತಿತ್ತು.

“ಮಾಲು ಇಳಿಸ್ಕೊಂಡು ಈಗ ಕೇಳ್ಲಿಲ್ಲ ಅಂತೀಯೇನೇ, ಕಳ್ಳಮುಂಡೆ?”

ಅವ್ವನ ಕೈ ಮೊಣಕೈವರೆಗೆ ಹಿಟ್ಟಿನಲ್ಲಿತ್ತು. ಫೋನನ್ನು ನಾನು ಅವಳ ಕಿವಿಗೆ ಹಿಡಿದಿದ್ದೆ.

“ನಾನು ದೀಪ ಕೇಳ್ನಿಲ್ಲ ಕಣಪ್ಪ. ಉಡುಗೊರೆ ಅಂತ ನೀನೇ ಅಂದೆ.”

“ಉಡುಗೊರೆ! ನಿಮ್ಮಪ್ಪನ ಮನೆ ಗಂಟಾ? ನಿನ್ನ ಸಹಿ ಐತೆ ನನ್ ಕೈಲಿ. ದುಡ್ಡು ಬರ್ಲಿಲ್ವೋ, ನಿನ್ನ ಅಂಗಡಿಗೆ ಯಾರನ್ನ ಕಳಿಸ್ಬೇಕು ಅಂತ ಗೊತ್ತು ನಂಗೆ. ಕಾಗದ ಇದ್ಯೇನೇ ನಿನ್ಹತ್ರ?”

ಅವ್ವನ ಬಳಿ ಇಲ್ಲಿರಲು ಬೇಕಾದ ಸರ್ಕಾರಿ ಕಾಗದ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮರುಭೂಮಿಯನ್ನು ನಡೆದು ದಾಟಿ ಈ ದೇಶಕ್ಕೆ ಬಂದವಳು ಅವಳು. ಹಿಟ್ಟಿನೊಳಗೆ ಅವಳ ಕೈ ನಿಂತುಬಿಟ್ಟಿತು.

ಮೊದಲ ಸಲ ಆ ದನಿ ಬಂದಾಗ ಅದರಲ್ಲಿ ಬೆಲ್ಲವಿತ್ತು. ನಮ್ಮ ತಿಂಡಿ ಅಂಗಡಿಯಲ್ಲಿ ಊಟದ ಹೊತ್ತು. ಗಾರೆ ಕೆಲಸದವರು ಬಾಗಿಲವರೆಗೆ ಸಾಲು ನಿಂತಿದ್ದರು. “ಅಕ್ಕಾ, ನಿಮ್ಮ ಸಪ್ಲೈ ಆಫೀಸಿಂದ ರಾಮಿರೊ ಮಾತಾಡ್ತಿರೋದು. ನಮ್ಮ ಹಳೇ ಗಿರಾಕಿಗಳಿಗೆಲ್ಲ ಹಬ್ಬಕ್ಕೆ ಒಂದು ಉಡುಗೊರೆ ಕಳಿಸ್ತಿದೀವಿ. ಅಂಗಡಿ ವಿಳಾಸ ಅದೇ ತಾನೆ?” ಯಾವ ಆಫೀಸು ಎಂದು ಕೇಳಲು ಅವ್ವನಿಗೆ ಪುರುಸೊತ್ತಿರಲಿಲ್ಲ. ಹೂಂ ಎಂದಳು. ಮೂರನೆಯ ದಿನ ಒಂದು ಪೆಟ್ಟಿಗೆ ತುಂಬ ಉದ್ದನೆಯ ಕೊಳವೆ ದೀಪಗಳು ಬಂದವು. ನಮ್ಮ ಅಂಗಡಿಯಲ್ಲಿ ಅವು ಕೂರುವ ಜಾಗವೇ ಇಲ್ಲ.

ಬೇರೆಯವರಾಗಿದ್ದರೆ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ ಮರೆಯುತ್ತಿದ್ದರು. ನಾವು ಗಡಿಯಾಚೆಯ ವಹಾಕಾ ಸೀಮೆಯ ಬೆಟ್ಟದ ಜನ, ನಮ್ಮ ಮಾತೂ ಬೇರೆ. ನಮ್ಮಲ್ಲಿ ಮದುವೆಗೆ ಒಬ್ಬರು ಒಂದು ಟರ್ಕಿ ಕೋಳಿ ತಂದರೆ, ಅವರ ಮನೆಯ ಮದುವೆಗೆ ನಮ್ಮ ಕೋಳಿ ಹೋಗಲೇಬೇಕು. ಬಂದ ಉಡುಗೊರೆಯನ್ನು ಬೇಡವೆನ್ನುವುದು ಮುಖಕ್ಕೆ ಉಗಿದ ಹಾಗೆ, ಮುಯ್ಯಿ ತೀರಿಸದೆ ಕೂರುವುದು ಸತ್ತ ಹಾಗೆ.

“ಪಾಪ, ಯಾವ ತಾಯಿ ಮಗನೋ, ನಮ್ಮನ್ನ ನೆನೆಸ್ಕಂಡವ್ನೆ,” ಎಂದು ಅವ್ವ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ನಲವತ್ತು ತಮಾಲೆ ಕಡುಬು ಬೇಯಿಸಿದಳು. “ಮಗಳೆ ಯಾರೇಲಿ, ನಿನ್ನ ಅಕ್ಷರ ಚಂದಾಕದೆ. ಎರಡು ಮಾತು ಬರಿ.”

ನಾನು ಬರೆದೆ. ‘ನೀವು ಕಳಿಸಿದ್ದು ತಲುಪಿತು. ನಮ್ಮ ಮನೆ ನಿಮ್ಮ ಋಣದಲ್ಲಿದೆ.’ ಕೆಳಗೆ ಅವ್ವ ಕಷ್ಟಪಟ್ಟು ಸಹಿ ಹಾಕಿದಳು. ಪಕ್ಕದಲ್ಲಿ ಜಾಗ ಖಾಲಿಯಿತ್ತು. ನಾನೊಂದು ಚೆಂಡುಹೂವು ಬಿಡಿಸಿದೆ. ಬಿಸಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಪೆಟ್ಟಿಗೆಯ ಮೇಲಿದ್ದ ವಿಳಾಸಕ್ಕೆ ಹೋದೆ. ಒಂದು ಪೀಠೋಪಕರಣದ ಅಂಗಡಿಯ ಮಹಡಿ. ಬಾಗಿಲಿಗೆ ಬಂದ ಹುಡುಗಿ ಬುಟ್ಟಿಯನ್ನೂ ಕಾಗದವನ್ನೂ ನೋಡಿ, ನನ್ನ ಮುಖ ನೋಡದೆ, “ಇಲ್ಲೇ ಇಡು,” ಎಂದಳು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು, ಅವರು ಎಲೆ ಬಿಚ್ಚುವ ಹೊತ್ತಿನ ಹಬೆಯನ್ನು ನೆನೆಯುತ್ತ ಕೂತಿದ್ದೆ.

ಆಮೇಲೆ ಬಿಲ್ಲು ಬಂತು. ಅದರ ಬೆನ್ನಿಗೆ ಇನ್ನೂ ನಾಲ್ಕು ಪೆಟ್ಟಿಗೆ. ಬೈಗುಳ ತಿಂದ ಆ ದಿನ ಅವ್ವ ಗಲ್ಲಾದಲ್ಲಿದ್ದ ದುಡ್ಡನ್ನೆಲ್ಲ ಕಳಿಸಿದಳು. ಮುಂದಿನ ವಾರ ಮತ್ತೆ ಆರು ಪೆಟ್ಟಿಗೆ ಬಂದವು. ತಂದವನು ಬಾಗಿಲಲ್ಲಿ ಹಾಕಿ, ನಾವು ಕೂಗುವುದರೊಳಗೆ ಹೊರಟುಹೋಗಿದ್ದ.

ಒಂದು ಶುಕ್ರವಾರ ಮಧ್ಯಾಹ್ನ ಟೈ ಕಟ್ಟಿದ ಒಬ್ಬ ಯುವಕ ಬಂದು ಕೂತ. ಮುಖದ ತುಂಬ ಮೊಡವೆ. ಮೂರು ತಮಾಲೆ ತಿಂದು, ಒಂದು ಲೋಟ ಕೋಕೋ ಕುಡಿದು ಬಾಯಿ ಒರೆಸಿಕೊಂಡ.

“ಅವತ್ತು ಕಳಿಸಿದ್ದು ಇನ್ನೂ ಚೆನ್ನಾಗಿತ್ತಕ್ಕ.”

ದನಿಗೆ ಮೈ ಬಂದು ಕೂತಿತ್ತು. ರಾಮಿರೊ ಜೇಬಿನಿಂದ ನನ್ನ ಪತ್ರದ ನಕಲು ತೆಗೆದು ಗಾರೆಯವರಿಗೆಲ್ಲ ಕಾಣುವಂತೆ ಎತ್ತಿ ಹಿಡಿದ.

“ನೋಡ್ರಪ್ಪ, ‘ನಮ್ಮ ಮನೆ ನಿಮ್ಮ ಋಣದಲ್ಲಿದೆ.’ ಇವಳೇ ಬರ್ಕೊಟ್ಟಿರೋದು. ಈ ಹೂವ ಯಾರ್ ಬಿಡಿಸಿದ್ದು? ನೀನಾ ಪಾಪು? ಜಡ್ಜ್ ಸಾಹೇಬ್ರು ನೋಡಿದ್ರೆ ಭಾಳ ಖುಷಿಪಡ್ತಾರೆ.” ಯಾರೋ ನಕ್ಕರು. ಅವನು ಎದ್ದು ಅಡುಗೆಯ ಕಡೆಗೆ ಬಂದು, ಹಿಟ್ಟಿನ ಬೋಗುಣಿಯಲ್ಲಿ ಬೆರಳು ಒತ್ತಿ, ಆ ಬೆರಳನ್ನು ಅವ್ವನ ಏಪ್ರನ್ನಿಗೆ ಒರೆಸಿದ. “ಬೆಟ್ಟದ ಮುಂಡೇವು. ಸ್ಪ್ಯಾನಿಷ್ ನೆಟ್ಟಗೆ ಬರಲ್ಲ, ಅಂಗಡಿ ಬೇರೆ ಇಡ್ತವೆ. ಸೋಮವಾರ ದುಡ್ಡು ಕೊಟ್ಟಿರ್ಬೇಕು. ಇಲ್ಲಾಂದ್ರೆ ಕಾಗದ ಕೇಳೋರನ್ನೇ ಕರ್ಕೊಂಡು ಬತ್ತೀನಿ. ಗಾಡಿ ಹತ್ತಿಸಿ ಬಾರ್ಡರ್ ಆಚೆ ಬಿಸಾಕ್ತಾರೆ. ಮಗಳು ಇಲ್ಲಿ, ನೀನು ಅಲ್ಲಿ.”

ತಿಂದದ್ದಕ್ಕೆ ದುಡ್ಡು ಕೊಡದೆ ಹೋದ. ಅವ್ವ ಬೋಗುಣಿಯ ಹಿಟ್ಟನ್ನೆಲ್ಲ ಕಸಕ್ಕೆ ಸುರಿದಳು. ಎಂಟು ಗಂಟೆ ಹೊತ್ತಿನ ದುಡಿಮೆಯ ಹಿಟ್ಟು.

ಜೋಳದ ಸಿಪ್ಪೆ ಬಿಡಿಸುತ್ತ ಮೂಲೆಯಲ್ಲಿದ್ದ ಅಜ್ಜಿ ಕೆಮ್ಮಿದಳು. “ಇನ್ನೂ ಅವನ ಮುಯ್ಯಿ ತೀರಿಸಬೇಕು ಅಂತೀಯೇನೆ?”

“ಬರೆದು ಕೊಟ್ಬುಟ್ಟಿದೀವಲ್ಲವ್ವ. ತಗಂಡಿದೀವಲ್ಲ.”

“ಥೂ ನಿನ್ನ! ಕೊಟ್ಟು ಕುತ್ತಿಗೆ ಹಿಸುಕೋನು ಕೊಟ್ಟೋನಲ್ಲ ಕಣೆ, ಗಾಳ ಹಾಕ್ದೋನು. ಅಂಥದ್ದನ್ನ ಊರಲ್ಲಿ ಏನ್ ಮಾಡ್ತಿದ್ವು? ತಲೆ ಮ್ಯಾಲೆ ಹೊತ್ತು, ಹಾಡುಹಗಲು, ಡೋಲು ಬಾರಿಸ್ಕಂಡು ಹೋಗಿ ಅವನ ಹೊಸ್ತಿಲಿಗೇ ಮಡಗಿ ಬತ್ತಿದ್ವು. ಊರೆಲ್ಲ ನೋಡ್ಬೇಕು. ಕದ್ದು ಇಟ್ರೆ ತೀರಲ್ಲ.”

“ಅಲ್ಲಿಗೋದ್ರೆ ನನ್ನ ಮುಖ ತೋರ್ಸಿದಂಗೆ. ಹಿಡ್ಕೊಟ್ರೆ?”

ಅಜ್ಜಿ ಸಿಪ್ಪೆ ಬಿಡಿಸುತ್ತಲೇ ಇದ್ದಳು. ಅವ್ವ ಒಲೆಯ ಬೆಂಕಿಗೆ ಒಂದು ಹಿಡಿ ಜೋಳ ಹಾಕಿದಳು, ನಮ್ಮಲ್ಲಿ ಆಣೆಯಿಡುವುದು ಹಾಗೆ. “ಒಂದೂ ಉಳಿಸದಂಗೆ ಮಡಗಿ ಬತ್ತೀನಿ. ಸೋಮವಾರ ಅವನು ಬರೋ ಮುಂಚೆ ನಾನೇ ಹೋಯ್ತೀನಿ.”

ಶನಿವಾರ ಅವ್ವ ನಮ್ಮ ಬೀದಿಯ ಅಂಗಡಿಗಳನ್ನೆಲ್ಲ ಸುತ್ತಿದಳು. ಬಟ್ಟೆ ಹೊಲಿಯುವ ಒತಿಲಿಯಾ ಮೊದಲು ಇಲ್ಲವೇ ಇಲ್ಲ ಎಂದಳು. ಆಮೇಲೆ ಮೇಜಿನ ಕೆಳಗಿನ ಪರದೆ ಸರಿಸಿದಳು. ನಾಲ್ಕು ಪೆಟ್ಟಿಗೆ, ಅದೇ ದೀಪ.

“ಗಂಡಂಗೂ ಹೇಳಿಲ್ಲ ಕಣಕ್ಕ. ಆ ಬೇವರ್ಸಿ ದಿನಾ ಫೋನ್ ಮಾಡಿ ಅಕ್ಕಾ ಅಕ್ಕಾ ಅಂತಿದ್ದ. ನಂಗೊಬ್ಬಳಿಗೇ ಬಂದಿರೋದು ಅಂದ್ಕಂಡಿದ್ದೆ.”

ಹಣ್ಣಿನ ರಸದವಳ ಹಿತ್ತಿಲಲ್ಲಿ ಮೂರು. ಕೂದಲು ಕತ್ತರಿಸುವವಳ ಹಾಸಿಗೆಯ ಅಡಿಯಲ್ಲಿ ಎರಡು. ಒಂಬತ್ತು ಜನರನ್ನು ಕೇಳಿದೆವು. ಬರುತ್ತೇವೆ ಎಂದವರು ಏಳು ಜನ.

ಸೋಮವಾರ ಹತ್ತು ಗಂಟೆಗೆ ಬಂದವರು ಆ ಮೂವರೇ. ಮದುವೆಗಳಿಗೆ ಹದಿನಾರು ಜನರ ವಾದ್ಯಮೇಳ ಕರೆದುಕೊಂಡು ಹೋಗುವ ಅನ್ಸೆಲ್ಮೊ ಮಾವ ಒಬ್ಬನೇ ಡೋಲು ನೇತುಹಾಕಿಕೊಂಡು ನಿಂತಿದ್ದ. “ಮಿಕ್ಕೋರಿಗೆಲ್ಲ ಮೈ ಸರಿಯಿಲ್ವಂತೆ ಕಣವ್ವ,” ಎಂದು ನೆಲ ನೋಡಿದ. “ನಂಗೂ ಕಾಗದ ಇಲ್ಲ. ಆದ್ರೆ ಅರವತ್ತೊಂಬತ್ತು ವರ್ಷ ಆಯ್ತು, ಎಲ್ಲಿಗ್ ಬಿಸಾಕಿದ್ರೂ ಬೀಳೋದು ಮಣ್ಣಿಗೇ.”

ಪೆಟ್ಟಿಗೆಗಳನ್ನು ಅವನ ಹಳೆಯ ಗಾಡಿಯಲ್ಲಿ ಪೀಠೋಪಕರಣದ ಅಂಗಡಿಯ ಬೀದಿಯ ತುದಿಯವರೆಗೆ ಒಯ್ದೆವು. ಅಲ್ಲಿಂದ ತಲೆಯ ಮೇಲೆ. ನಾನೂ ಅವ್ವನೂ ಸೇರಿ ಐದು ಜನ ಹೆಂಗಸರು, ಇಪ್ಪತ್ತು ಪೆಟ್ಟಿಗೆ, ನಾಲ್ಕು ಸಲ ಹತ್ತಿ ಇಳಿದರೆ ಮುಗಿಯುತ್ತದೆ. ಅನ್ಸೆಲ್ಮೊ ಮಾವ ಮೆಟ್ಟಿಲ ಬುಡದಲ್ಲಿ ನಿಂತು ಬಾರಿಸತೊಡಗಿದ. ಸೋಫಾ ನೋಡಲು ಬಂದವರು ಹೊರಗೆ ಬಂದರು. ಬಸ್ ನಿಲ್ದಾಣದ ಜನ ತಿರುಗಿದರು. ಹಗಲು ಬೆತ್ತಲೆಯಾಗಿತ್ತು, ಎಲ್ಲೂ ಒಂದು ನೆರಳಿರಲಿಲ್ಲ.

ಮಹಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒತ್ತೊತ್ತಾಗಿ ಕೂತ ಇಪ್ಪತ್ತು ಹುಡುಗ ಹುಡುಗಿಯರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಂದೇ ಸಲ ಮಾತಾಡುತ್ತಿದ್ದರು. ‘ಅಕ್ಕಾ, ನಿಮ್ಮ ಸಪ್ಲೈ ಆಫೀಸಿಂದ.’ ‘ಅಣ್ಣಾ, ವಿಳಾಸ ಅದೇ ತಾನೆ?’ ಬುಟ್ಟಿ ಇಸಿದುಕೊಂಡ ಹುಡುಗಿಯೂ ಅಲ್ಲಿದ್ದಳು. ಡೋಲಿನ ಗತ್ತಿಗೆ ಅವಳ ಕಾಲು ತಾನಾಗಿ ತಾಳ ಹಾಕಿತು, ನಮ್ಮ ಬೆಟ್ಟದವಳೇ. ನನ್ನನ್ನು ಕಂಡು ಕಾಲು ನಿಲ್ಲಿಸಿದಳು. ಮಾತು ನಿಲ್ಲಿಸಲಿಲ್ಲ.

ರಾಮಿರೊ ಓಡಿ ಬಂದ. “ಏಯ್, ಏನ್ರೇ ಇದು! ತೆಗೀರೇ! ತೆಗೀರೇ ಇದನ್ನ!”

ಅವ್ವ ಮೊದಲನೆಯ ಪೆಟ್ಟಿಗೆಯನ್ನು ಹೊಸ್ತಿಲ ಮೇಲೆ ಇಳಿಸಿದಳು. “ನಿಂದು. ತಗಳ್ಳಪ್ಪ.”

ಅವನು ಒದ್ದ. ಒಳಗೆ ದೀಪಗಳು ಚೂರಾದ ಸದ್ದು. ಒತಿಲಿಯಾ ಅದರ ಮೇಲೇ ತನ್ನದನ್ನು ಇಟ್ಟಳು. “ಒದಿ ನನ್ಮಗನೆ, ಒಡೆದರೆ ನಿಂದೇ ಒಡೆಯೋದು.”

ಆಗ ಅವನು ಫೋನು ತೆಗೆದು ನಮ್ಮ ಪಟ ಹಿಡಿಯತೊಡಗಿದ. ಕೂದಲು ಕತ್ತರಿಸುವವಳು ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದು ಓಡಿದಳು, ಮತ್ತೆ ಬರಲಿಲ್ಲ. ಅವಳ ಪಾಲನ್ನು ಅವ್ವ ಹೊತ್ತಳು. ಪ್ರತಿ ಸಲ ಮೇಲೆ ಬಂದಾಗಲೂ ಅವನ ಫೋನಿನ ಎದುರು ಒಂದು ಗಳಿಗೆ ನಿಂತಳು.

“ಸರಿಯಾಗಿ ಹಿಡಿ. ಹೆರ್ಮೆಲಿಂಡಾ ಸಾಂತೋಸ್ ಅಂತ ಹೆಸರು. ಅಂಗಡಿ ನಿಂಗೇ ಗೊತ್ತು. ಕಾಗದ ಇಲ್ಲ. ನಿನ್ನ ಋಣಾನೂ ಇಲ್ಲ.”

ಪೆಟ್ಟಿಗೆಗಳು ಬಾಗಿಲ ಎತ್ತರಕ್ಕೆ ಬಂದವು. ಒಳಗಿನವರ ದನಿ ಮಾತ್ರ ಸಂದಿಯಿಂದ ಕೇಳುತ್ತಿತ್ತು. ಇಪ್ಪತ್ತನೆಯದು ನನ್ನ ತಲೆಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಕೆಳಗೆ ಡೋಲು ನಿಂತಿತು. ಯಾರೋ ಅನ್ಸೆಲ್ಮೊ ಮಾವನೊಂದಿಗೆ ಇಂಗ್ಲಿಷಿನಲ್ಲಿ ಗದರಿಸಿ ಮಾತಾಡುತ್ತಿದ್ದರು. ಮೇಲೆ, ಪೆಟ್ಟಿಗೆಗಳ ಆಚೆ, ರಾಮಿರೊ ಫೋನಿನಲ್ಲಿ ಅವ್ವನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಯಾರಿಗೋ ಹೇಳುತ್ತಿದ್ದ.

“ಓಡೋಣ ಕಣವ್ವ,” ಎಂದೆ.

“ಮೊದ್ಲು ಅದನ್ನ ಇಡು.”

ನನ್ನ ಕೈ ಎಟಕಲಿಲ್ಲ. ಅವ್ವ ಒಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟೆವು. ಸ್ವಲ್ಪ ಓರೆಯಾಗಿತ್ತು. ಮೆಟ್ಟಿಲಲ್ಲಿ ಬೂಟಿನ ಸದ್ದು ಹತ್ತಿರವಾಗುತ್ತಿದ್ದರೂ ಅವಳು ಎರಡೂ ಕೈಯಿಂದ ಅದನ್ನು ನೇರ ಮಾಡಿದಳು.