ಹನ್ನೊಂದನೇ ಭಾಗ ಮತ್ತು ಕೆಂಪು ವೈರು

ಮನೆಯವರೆಲ್ಲ ಅವನನ್ನು ವಿಮರ್ಶಕ ಎಂದೇ ಕರೆಯುತ್ತಿದ್ದರು. ಹೊಟ್ಟೆಪಾಡಿಗೆ ಲಿಫ್ಟ್ ಮೆಕ್ಯಾನಿಕ್. ಆದರೆ ಆ ಬೂದು ಕೋಟಿನ ಗೂಢಚಾರನ ಸಿನಿಮಾ ಬಂತೆಂದರೆ ಅವನ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ. ಹತ್ತು ಭಾಗಗಳನ್ನೂ ಅಕ್ಕನ ಪಕ್ಕ ಕೂತೇ ನೋಡಿದ್ದ, ಹತ್ತರಲ್ಲೂ ಅಕ್ಕನ ತಲೆ ತಿಂದಿದ್ದ. ಹನ್ನೊಂದನೆಯದಕ್ಕೆ ಮಾತ್ರ ಅಕ್ಕ ಬರಲಿಲ್ಲ. ಆ ಮಧ್ಯಾಹ್ನವೇ ಮೂರೂವರೆಗೆ ಅವಳಿಗೆ ಕಣ್ಣಿನ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಹಾಗಾಗಿ ಈ ಸಲ ಸಿಕ್ಕಿಬಿದ್ದವಳು ಹೆಂಡತಿ.

"ಇವನಿಗೂ ವಯಸ್ಸಾಯ್ತು ಕಣೇ," ಎಂದ ವಿಮರ್ಶಕ. "ಮೊದಲೆಲ್ಲ ತಲೆ ಓಡಿಸ್ತಿದ್ದ. ಈಗ ಬರೀ ಕಾಲು ಓಡಿಸ್ತಾನೆ."

"ಸುಮ್ನೆ ನೋಡ್ರೀ."

"ಆ ವಿಲನ್ ಮುದುಕನಿಗೆ ಇಡೀ ಪ್ರಪಂಚ ಬೇಕಂತೆ. ಇಟ್ಕೊಂಡು ಏನು ಮಾಡ್ತಾನೆ ಅಂತ ಮೂರು ಭಾಗದಿಂದ ಹೇಳೇ ಇಲ್ಲ."

ಮುಂದಿನ ಸಾಲಿನವರು ತಿರುಗಿ ಗುರಾಯಿಸಿದರು. ವಿಮರ್ಶಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಲಿಫ್ಟಿನ ದೃಶ್ಯ ಬಂತು. ವಿಲನ್ನಿನ ಬಂಟನೊಬ್ಬ ಕಟ್ಟಡದ ಮೇಲಿನ ಮೆಷಿನ್ ರೂಮಿಗೆ ನುಗ್ಗಿ, ಎರಡು ತಿರುಪುಗಳ ನಡುವೆ ಒಂದು ತುಂಡು ಕೆಂಪು ವೈರು ಸಿಕ್ಕಿಸಿದ. ಲಿಫ್ಟು ಬಾಗಿಲನ್ನು ಹಿಂದೆ ತೆರೆದೇ ಬಿಟ್ಟು ಮೇಲಕ್ಕೆ ಹೊರಟುಹೋಯಿತು. ಓಡಿಬಂದ ಗೂಢಚಾರ ಅದೇ ಬಾಗಿಲೊಳಗೆ ಕಾಲಿಟ್ಟು ಮೂರು ಮಹಡಿ ಕೆಳಗೆ ಬಿದ್ದ. ಎದ್ದು ಕೋಟು ಕೊಡವಿಕೊಂಡ.

"ಬಿದ್ದವನು ಏಳಲ್ಲ, ಅದು ಸುಳ್ಳು," ಎಂದ ವಿಮರ್ಶಕ ಖುಷಿಯಿಂದ. "ಆದರೆ ಆ ವೈರು ಸರಿಯಾಗಿ ತೋರಿಸಿದಾರೆ. ಅದು ಇದ್ರೆ ಬಾಗಿಲು ಮುಚ್ಚದಿದ್ರೂ ಲಿಫ್ಟ್ ಹೊರಡುತ್ತೆ. ರಿಪೇರಿ ಮಾಡುವಾಗ ನಾವೂ ಹಾಕ್ತೀವಿ, ಮುಗಿದ ತಕ್ಷಣ ತೆಗೀತೀವಿ. ಮರೀಬಾರದು ಅಂತಾನೇ ನಾನು ಅದನ್ನ ಬೈಕಿನ ಕೀಗೆ ಕಟ್ಟಿರೋದು. ವೈರು ತೆಗೀದೆ ಬೈಕೇ ಹತ್ತೋಕಾಗಲ್ಲ. ನೋಡಿಲ್ಲಿ."

ತೋರಿಸಲೆಂದು ಜೇಬಿಗೆ ಕೈ ಹಾಕಿದ. ಕೀ ಇರಲಿಲ್ಲ.

ಇನ್ನೊಂದು ಜೇಬಲ್ಲೂ ಇರಲಿಲ್ಲ. ಇವತ್ತು ಕೆಲಸ ಮುಗಿಸಿ ಹೊರಟಾಗ ಅವನು ಬೈಕ್ ಹತ್ತಿಯೇ ಇರಲಿಲ್ಲ. ಮೊದಲ ದೃಶ್ಯ ತಪ್ಪಿಹೋಗುತ್ತದೆಂದು ಹೆಂಡತಿ ಆಟೋ ತಂದು ರಸ್ತೆಯ ತಿರುವಿನಲ್ಲಿ ನಿಂತು ಫೋನ್ ಮೇಲೆ ಫೋನ್ ಮಾಡಿದ್ದಳು. ಅವನು ಸಲಕರಣೆ ಪೆಟ್ಟಿಗೆ ಎತ್ತಿಕೊಂಡು ದಡದಡ ಇಳಿದು ಆಟೋ ಹತ್ತಿದ್ದ. ಕೀ ಮೆಷಿನ್ ರೂಮಿನಲ್ಲಿ, ಆ ವೈರಿನ ತುದಿಯಲ್ಲಿ ನೇತಾಡುತ್ತಿತ್ತು.

"ಯಾವ ಬಿಲ್ಡಿಂಗು?" ಎಂದಳು ಹೆಂಡತಿ, ಅವನ ಮುಖ ನೋಡಿ.

"ಕಣ್ಣಿನ ಆಸ್ಪತ್ರೆ."

ಆಗಲೇ ನಾಲ್ಕಕ್ಕೆ ಹತ್ತು ನಿಮಿಷ. ಜನರ ಕಾಲು ತುಳಿದು, ಬೈಸಿಕೊಂಡು ಇಬ್ಬರೂ ಹೊರಗೆ ಓಡಿದರು. ಆಟೋದಲ್ಲಿ ಹೆಂಡತಿ ಆಸ್ಪತ್ರೆಯ ನಂಬರು ಒತ್ತಿದಳು, ಎಂಗೇಜ್. ಅಕ್ಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಕಣ್ಣಿಗೆ ಹನಿ ಹಾಕಿದರೆ ಅಕ್ಕನಿಗೆ ಎರಡು ಗಂಟೆ ಎದುರಿಗೆ ನಿಂತವರ ಮುಖವೂ ಕಾಣುವುದಿಲ್ಲ. ಅಲ್ಲಿಗೆ ಬರುವವರೆಲ್ಲ ಹಾಗೆಯೇ, ಬಾಗಿಲು ತಡವಿಕೊಂಡು ಹೋಗುವವರು. ಅದೂ ಕೈಯಲ್ಲಿ ಎಳೆದು ಮುಚ್ಚಬೇಕಾದ ಹಳೆಯ ಬಾಗಿಲು, ಅರ್ಧ ಜನ ಮುಚ್ಚದೆಯೇ ಬಟನ್ ಒತ್ತುತ್ತಾರೆ. ಬೆಳಿಗ್ಗೆ ತಾನೇ ಅವನು ಅಕ್ಕನಿಗೆ ಹೇಳಿದ್ದ: "ಮಂಡಿ ನೋವು ಅಂತೀಯಲ್ಲ, ಮೆಟ್ಟಿಲು ಹತ್ಬೇಡ. ಅಲ್ಲಿ ಲಿಫ್ಟ್ ನೋಡ್ಕೊಳ್ಳೋದು ನಾನೇ." ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಅವನು ಮತ್ತೆ ಅಕ್ಕನ ನಂಬರು ಒತ್ತಿದ.

ಆಸ್ಪತ್ರೆಯ ಬಾಗಿಲಲ್ಲಿ ಹೆಂಡತಿಯನ್ನು ಹಿಂದೆ ಬಿಟ್ಟು ಮೆಟ್ಟಿಲು ಹತ್ತಿದ. ಮೊದಲ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು. ಎರಡನೆಯದರಲ್ಲೂ ಮುಚ್ಚಿತ್ತು. ಅಲ್ಲಿ ನೆಲ ಒರೆಸುವ ಹೆಂಗಸು ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಮೇಲಿಂದ ಲಿಫ್ಟ್ ಗುಂಡಿಗೆ ಏನೋ ಬಿತ್ತಣ್ಣ," ಎಂದಳು. "ಜೋರಾಗಿ ಸದ್ದಾಯ್ತು. ಆಮೇಲೆ ಏನೂ ಕೇಳಿಸ್ಲಿಲ್ಲ."

ಅವನು ಉಳಿದ ಮೆಟ್ಟಿಲುಗಳನ್ನು ಕಂಬಿ ಹಿಡಿದು, ಕೈಯಿಂದಲೇ ಎಳೆದುಕೊಂಡಂತೆ ಹತ್ತಿದ.

ಮೂರನೇ ಮಹಡಿಯಲ್ಲಿ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ ಬರೀ ಕತ್ತಲು. ಬಾಗಿಲಿಗೆ ಅಡ್ಡಲಾಗಿ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಎರಡೂ ಕೈ ಚಾಚಿ ಕೂತ ಅಕ್ಕ.

"ಯಾರಪ್ಪಾ? ಈ ಕಡೆ ಬರ್ಬೇಡಿ, ಮೆಟ್ಟಿಲಲ್ಲಿ ಹೋಗಿ," ಎಂದಳು.

"ಅಕ್ಕಾ."

"ನೀನಾ? ಸಿನಿಮಾ ಇಷ್ಟು ಬೇಗ ಮುಗೀತಾ?" ಅವಳ ಕಣ್ಣು ಅವನನ್ನು ಬಿಟ್ಟು ಗೋಡೆಯ ಕಡೆಗಿತ್ತು. "ನನ್ನ ಕೋಲು ಹೋಯ್ತು ಕಣೋ. ಲಿಫ್ಟಿನ ಬಾಗಿಲು ತೆರೆದಿದ್ರೆ ನುಗ್ಗಬೇಡ, ಮೊದಲು ನೆಲ ಇದೆಯಾ ನೋಡು ಅಂತ ಪ್ರತಿ ಸಿನಿಮಾದಲ್ಲೂ ಕೊರೀತಿದ್ಯಲ್ಲ. ಕಣ್ಣು ಕಾಣ್ಲಿಲ್ಲ, ಅದಕ್ಕೆ ಕೋಲು ಊರಿದೆ. ನೆಲವೇ ಸಿಗ್ಲಿಲ್ಲ, ಕೈ ಜಾರ್ತು. ನರ್ಸಮ್ಮ ಫೋನಲ್ಲಿ ರಿಪೇರಿಯವರನ್ನ ಹುಡುಕ್ತಿದಾಳೆ. ಅಲ್ಲೀವರೆಗೆ ಯಾರೂ ಬೀಳ್ಬಾರ್ದಲ್ಲ, ಅದಕ್ಕೆ ಕೂತೆ."

ಅವನು ಮೇಲೆ ಮೆಷಿನ್ ರೂಮಿಗೆ ಹೋಗಿ ಮೇನ್ ಸ್ವಿಚ್ ಇಳಿಸಿದ. ವೈರನ್ನು ಕಿತ್ತ. ಅದರ ತುದಿಯ ಕೀ ಸಣ್ಣಗೆ ಆಡುತ್ತಲೇ ಇತ್ತು. ಕೆಳಗೆ ಬಂದು ಬಾಗಿಲು ಎಳೆದು ಮುಚ್ಚಿ, ಅಕ್ಕನ ಕಾಲ ಬಳಿ ಕುಕ್ಕರಿಸಿದ.

"ಯಾವನೋ ಬೇಜವಾಬ್ದಾರಿ ಮುಂಡೇದು ಅರ್ಧಂಬರ್ಧ ಮಾಡಿ ಹೋಗಿದಾನೆ," ಎಂದಳು ಅಕ್ಕ. "ನಿನ್ನ ಕೈಕೆಳಗಿನವನಿರಬೇಕು. ಯಾರು ಅಂತ ಹುಡುಕಿ ಸರಿಯಾಗಿ ಬಯ್ಯಿ. ನೀನಾಗಿದ್ರೆ ಹೀಗೆ ಬಿಡ್ತಿರ್ಲಿಲ್ಲ."

ಹೂಂ ಅಂದುಬಿಟ್ಟಿದ್ದರೆ ಸಾಕಿತ್ತು. ಅವಳಿಗೆ ಅವನ ಕೈಯಲ್ಲಿದ್ದದ್ದು ಕಾಣುತ್ತಿರಲಿಲ್ಲ, ನೋಡುವವರು ಬೇರೆ ಯಾರೂ ಅಲ್ಲಿರಲಿಲ್ಲ. ಆ 'ಹೂಂ' ಗಂಟಲವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು, ಅಕ್ಕನ ಅಂಗೈ ಬಿಡಿಸಿ ಕೀಯನ್ನೂ ವೈರನ್ನೂ ಅದರೊಳಗೆ ಇಟ್ಟ.

ಅಕ್ಕ ಬೆರಳಿಂದ ಸವರಿದಳು. ವೈರಿನ ತುದಿಯಲ್ಲಿ ದಪ್ಪ ದಾರದ ಗಂಟು ಸಿಕ್ಕಿತು. ವರ್ಷಗಳ ಹಿಂದೆ, ತಮ್ಮ ಕೆಲಸಕ್ಕೆ ಸೇರಿದ ದಿನ, ವೈರು ಕೀಯಿಂದ ಬಿಚ್ಚಿಹೋಗದಿರಲಿ ಎಂದು ಅವಳೇ ಸುತ್ತಿ ಸುತ್ತಿ ಹಾಕಿಕೊಟ್ಟ ಗಂಟು ಅದು.

ಅಕ್ಕನ ಬೆರಳು ಆ ಗಂಟಿನ ಮೇಲೆ ನಿಂತಿತು. ಅವಳು ಕೀಯನ್ನು ಅವನಿಗೆ ವಾಪಸು ಕೊಡದೆ ಮುಷ್ಟಿಯೊಳಗೇ ಇಟ್ಟುಕೊಂಡು, ಇನ್ನೊಂದು ಕೈ ಚಾಚಿದಳು.

"ಕೈ ಹಿಡ್ಕೋ," ಎಂದಳು. "ಮೆಟ್ಟಿಲಲ್ಲೇ ಇಳಿಯೋಣ."