ಪೇಡಾನಿಗೆ ಹೊದಿಸಿದ ಶಾಲು

ಬಾಂದ್ರಾದ ಒಂದು ಕಟ್ಟಡ ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಹೆಸರು ಪರಪ್ಪ, ಮೂಲ ಧಾರವಾಡ, ಮನೆ ಬೈಕುಲ್ಲಾದಲ್ಲಿ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೆಲ್ಟು ಕಟ್ಟಿಕೊಳ್ಳಿ, ತಲೆಗೆ ಹೆಲ್ಮೆಟ್ ಇರಲಿ, ನಡೆಯುವಾಗ ಫೋನು ನೋಡಬೇಡಿ ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಹೀಗಿರುವಾಗ ನಾನು ಟೆಂಪೋಗೆ ಸಿಕ್ಕಿದ್ದು ಹೇಗೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ನಮ್ಮ ಬಿಲ್ಡಿಂಗಿನವರೆಲ್ಲ ಈಗಾಗಲೇ ಹೇಳಿಕೊಂಡು ತಿರುಗುತ್ತಿರುವುದರಿಂದ, ನನ್ನ ಬಾಯಿಂದಲೂ ಒಂದು ಸಲ ಬರಲಿ.

ಎಲ್ಲಕ್ಕೂ ಮೂಲ ಪೇಡಾ. ಪೇಡಾ ನಮ್ಮ ನಾಯಿ. ಮಗಳು ನೇತ್ರಾಳಿಗೆ ಹೋಲ್‌ಸೇಲ್ ಮಾರ್ಕೆಟ್ಟಿನ ಗೋಣಿಚೀಲಗಳ ಸಂದಿಯಲ್ಲಿ ಸಿಕ್ಕ ಮರಿ. ಮೈಬಣ್ಣ ಥೇಟ್ ನಮ್ಮೂರ ಪೇಡೆಯದು. ನಾಯಿಗೀಯಿ ಬೇಡ ಎಂದು ನಾನು ಗುಡುಗಿದೆ. ಯಾರೂ ಕೇಳಲಿಲ್ಲ. ಆಗ, ಹೇಗಿದ್ದರೂ ಬಂದದ್ದಾಯಿತು, ಇದಕ್ಕೆ ಶಿಸ್ತು ಕಲಿಸುವ ಹೊಣೆ ನನ್ನದು ಎಂದು ಘೋಷಿಸಿಬಿಟ್ಟೆ. ನೂರಾರು ಕೂಲಿಕಾರರಿಗೆ ಪಾಠ ಹೇಳಿದವನಿಗೆ ಒಂದು ನಾಯಿ ಯಾವ ಲೆಕ್ಕ?

ನನ್ನ ಪಾಠದ ಕ್ರಮ ಹೀಗಿತ್ತು. "ನೋಡು ಪೇಡಾ, ನಿನ್ನೆನೂ ನಿನಗ ಹೇಳೇನಿ, ರಸ್ತೆ ದಾಟೂಕಿಂತ ಮೊದಲ, ಎರಡೂ ಕಡೆ ಗಾಡಿ ಬರ್ತಾವೋ ಇಲ್ಲೋ ಅಂತ ನಾನು ನೋಡೂತನಕ, ಇಲ್ಲೇ ನನ್ನ ಬಾಜೂಕ, ಸುಮ್ಮನ..." ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. "ಕುಂಡ್ರು" ಎಂಬ ಮಾತು ನನ್ನ ಬಾಯಿಂದ ಹೊರಡುವಷ್ಟರಲ್ಲಿ ಪೇಡಾ ರಸ್ತೆಯ ಆಚೆ ಬದಿ ಸೇರಿರುತ್ತಿದ್ದ.

ಹಗ್ಗ ಪದೇಪದೇ ಕೈಯಿಂದ ಜಾರುತ್ತಿತ್ತು. ಅದಕ್ಕೆ ನಾನೇ ಒಂದು ಉಪಾಯ ಕಂಡುಹಿಡಿದೆ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿಕೊಂಡೆ. ನಮ್ಮ ಸೈಟಿನಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ.

ಒಂದು ಮುಂಜಾನೆ ನಮ್ಮ ಗೇಟಿನ ಎದುರಿಗೇ ಪೇಡಾನನ್ನು ತಿರುಗಾಡಿಸುತ್ತ ಫೋನಿನಲ್ಲಿ ಏನೋ ಟೈಪ್ ಮಾಡುತ್ತಿದ್ದೆ. ಕೈಗಾಡಿಯ ಕೆಳಗಿನಿಂದ ಬೆಕ್ಕೊಂದು ಛಂಗನೆ ಹಾರಿತು. ಪೇಡಾ ಬೆಕ್ಕಿನ ಹಿಂದೆ, ನಾನು ಪೇಡಾನ ಹಿಂದೆ. ಟೆಂಪೋದ ಚಾಲಕ ಪಾಪ ಬ್ರೇಕು ಒತ್ತಿದ್ದನಂತೆ. ನನಗೆ ನೆನಪಿರುವುದು ಇಷ್ಟೇ: ನಾನು ಆಕಾಶ ನೋಡುತ್ತ ಮಲಗಿದ್ದೆ, ಪೇಡಾ ನನ್ನ ಮುಖದ ಮೇಲೆ ನಿಂತು ಸುತ್ತಲಿನವರ ಮೇಲೆ ಬೊಗಳುತ್ತಿದ್ದ.

ತೊಡೆಯ ಮೂಳೆ ಮುರಿದಿತ್ತು. ಪಕ್ಕೆಲುಬು ಮುರಿದು ಒಳಗೆ ರಕ್ತ ಸೋರುತ್ತಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರು ನನ್ನ ಹೆಂಡತಿ ರಂಜನಾಳಿಗೆ ಹೇಳಿದರು. ಎಷ್ಟೋ ದಿನ ಆಸ್ಪತ್ರೆಯ ಮಂಚದಲ್ಲಿ ಮಲಗಿದೆ. ನನ್ನ ಮಗ್ಗುಲು ಬದಲಿಸಲೂ ಇಬ್ಬರು ಬೇಕಾಗುತ್ತಿತ್ತು. ಮಲಗಿದವನಿಗೆ ಮಾಡಲು ಬೇರೇನು ಕೆಲಸ? ಆ ಒಂದು ನೆನಪನ್ನು ಹಿಡಿದು ಕಥೆ ಕಟ್ಟಿದೆ.

"ನನ್ನ ಜೀವ ಉಳಿಸಿದ್ದು ಪೇಡಾ," ಎಂದು ನೋಡಲು ಬಂದವರಿಗೆಲ್ಲ ಹೇಳತೊಡಗಿದೆ. "ನಾ ಬಿದ್ದ ಕೂಡಲೇ ಕಾವಲು ನಿಂತಾನ. ಬೊಗಳಿ ಬೊಗಳಿ ಮಂದಿ ಕೂಡಿಸ್ಯಾನ. ನಾ ಕಲಿಸಿದ್ದು ವ್ಯರ್ಥ ಆಗಲಿಲ್ಲ ನೋಡ್ರಿ."

ರಂಜನಾ ನಡುವೆ ಒಮ್ಮೆ ಬಾಯಿ ಹಾಕಿದಳು. "ಯಾರೋ ಒಬ್ಬಾಕಿ ಹೆಣ್ಣಮಗಳು ನಿಮ್ಮನ್ನ ಟ್ಯಾಕ್ಸಿನಾಗ ಹಾಕ್ಕೊಂಡು ಬಂದಿದ್ದಳ್ರೀ. ನಾ ಬರೂದ್ರಾಗ ಆಕಿ ಕೈಗೆ ಪಟ್ಟಿ ಕಟ್ಟಾಕತ್ತಿದ್ರು. ಹೆಸರ ಕೇಳಬೇಕು ಅನ್ನೂದ್ರಾಗ ಡಾಕ್ಟರು ನನ್ನ ಒಳಗ ಕರದ್ರು."

"ಹೂಂ," ಎಂದೆ. ಆ ಹೂಂ ಮುಗಿಸಿ ಪೇಡಾನ ಕಥೆಗೆ ವಾಪಸು ಬಂದೆ.

ಕಥೆ ಹೇಳಿದಷ್ಟೂ ಬೆಳೆಯಿತು. ಮೊದಲು ಪೇಡಾ ಬರೀ ಬೊಗಳಿದ್ದ. ಆಮೇಲೆ ಟ್ಯಾಕ್ಸಿಗೆ ಅಡ್ಡ ನಿಂತ. ಮನೆಗೆ ಬರುವ ಹೊತ್ತಿಗೆ ಅವನು ಟೆಂಪೋದ ನಂಬರನ್ನೂ ಗುರುತಿಟ್ಟುಕೊಂಡಿದ್ದ ಎನ್ನುವುದೊಂದು ಬಾಕಿ. ನಮ್ಮ ಓಣಿಯ ಕನ್ನಡಿಗರದೊಂದು ಮಿತ್ರಕೂಟವಿದೆ. ಅದರ ಕಾರ್ಯದರ್ಶಿ ಶಾಂತಪ್ಪನಿಗೆ ಸನ್ಮಾನ ಮಾಡುವುದೆಂದರೆ ಪ್ರಾಣ. ಆ ವರ್ಷ ಸನ್ಮಾನಕ್ಕೆ ಯೋಗ್ಯರು ಸಿಕ್ಕಿರಲಿಲ್ಲ. ಕಥೆ ಕೇಳಿ ಅವನ ಕಣ್ಣು ತುಂಬಿ ಬಂದವು.

"ಪರಪ್ಪಣ್ಣಾ, ಪೇಡಾಗ ಒಂದು ಸತ್ಕಾರ ಮಾಡೋಣ," ಎಂದ.

ನಾನು ಬೇಡ ಎನ್ನಲಿಲ್ಲ. ಭಾಷಣ ನಾನೇ ಮಾಡುತ್ತೇನೆ ಎಂದೆ.

ಸೊಸೈಟಿಯ ಹಾಲಿನಲ್ಲಿ ಕುರ್ಚಿ ಹಾಕಿದರು. ನಾನು ಊರುಗೋಲು ಹಿಡಿದು ವೇದಿಕೆಯಲ್ಲಿ ಕುಳಿತೆ. ಪಕ್ಕದ ಕುರ್ಚಿಯಲ್ಲಿ ಪೇಡಾ. ಶಾಲು ಹೊದಿಸಿದರು, ಅದರ ಕುಚ್ಚನ್ನು ಅಗಿಯತೊಡಗಿದ. ಪೇಟಾ ತೊಡಿಸಿದರು, ಅದು ಕಣ್ಣಿನವರೆಗೆ ಇಳಿಯಿತು. ಹಣ್ಣಿನ ತಟ್ಟೆ ಕೊಟ್ಟರು, ಬಾಳೆಹಣ್ಣನ್ನು ಸಿಪ್ಪೆಸಮೇತ ಅಲ್ಲೇ ಸ್ವೀಕರಿಸಿದ. ನಾನು ಎದ್ದು ನಿಂತು ನಿಷ್ಠೆ, ಕೃತಜ್ಞತೆ, ತರಬೇತಿಯ ಮಹತ್ವ ಎಂಬ ವಿಷಯಗಳ ಮೇಲೆ ಸಾಕಷ್ಟು ಹೊತ್ತು ಮಾತಾಡಿದೆ. ಚಪ್ಪಾಳೆ ಬಿತ್ತು. ಯಾರಿಗಾದರೂ ಎರಡು ಮಾತು ಆಡುವುದಿದ್ದರೆ ಆಡಬಹುದು ಎಂದ ಶಾಂತಪ್ಪ.

ಬಾಗಿಲ ಬಳಿ ನಿಂತಿದ್ದ ನಮ್ಮ ವಾಚ್‌ಮನ್ ಐತ ಕೈ ಎತ್ತಿದ. ಐತ ಕರಾವಳಿಯವನು, ವರ್ಷಗಳಿಂದ ನಮ್ಮ ಗೇಟು ಕಾಯುವವನು, ಮಿತಭಾಷಿ.

"ಒಂದು ಹೇಳ್ಲಿಕ್ಕುಂಟು ಸಾರ್. ಆ ದಿನ ನಾನು ಗೇಟಲ್ಲೇ ಇದ್ದೆ. ಈ ನಾಯಿ ಯಾರನ್ನೂ ಹತ್ರ ಬರ್ಲಿಕ್ಕೆ ಬಿಡ್ಲಿಲ್ಲ. ಹಗ್ಗ ನಿಮ್ಮ ಕೈಯಲ್ಲಿ ಗಂಟು. ನಾವೆಲ್ಲ ಹೆದರಿ ದೂರ ನಿಂತೆವು. ನಾನೂ ನಿಂತೆ, ಸುಳ್ಳು ಯಾಕೆ ಹೇಳ್ಬೇಕು. ಸೊಪ್ಪು ಮಾರುವ ಹೆಂಗಸು ಒಬ್ಳು ಬುಟ್ಟಿ ಇಳಿಸಿ ಒಳಗೆ ನುಗ್ಗಿದ್ಲು. ಇದು ಅವಳ ಕೈಗೆ ಕಚ್ಚಿತು. ಕಚ್ಚಿದ್ರೂ ಅವಳು ಬಿಡ್ಲಿಲ್ಲ, ಸೊಪ್ಪು ಕತ್ತರಿಸುವ ಚೂರಿಯಿಂದ ಹಗ್ಗ ಕೊಯ್ದ್ಲು. ಆಮೇಲೆ ನಾನು ನಾಯಿ ಹಿಡ್ಕೊಂಡೆ, ಅವಳು ಬೈದು ಬೈದು ನಾಲ್ಕು ಜನರನ್ನು ಕರ್ದು ನಿಮ್ಮನ್ನು ಎತ್ತಿಸಿದ್ಲು."

ಐತ ಪೇಡಾನ ಕಡೆ ಬೆರಳು ತೋರಿಸಿದ.

"ಆಮೇಲೆ ದಿನಾ ಗಲ್ಲಿಯ ತುದಿಯಲ್ಲೇ ನಿಂತು, ನಾಯಿ ಜೀವಂತ ಉಂಟಾ ಅಂತ ಕೂಗಿ ಕೇಳ್ತಿದ್ಲು. ನಾನು ನಾಯಿ ಮೇಲೆ ಪ್ರೀತಿ ಅಂತ ಎಣಿಸಿದ್ದೆ. ಅಲ್ಲ. ಕಚ್ಚಿದ ನಾಯಿ ಸಾಯ್ತದಾ ನೋಡ್ತಾ ಇರು ಅಂತ ಸೂಜಿ ಕೊಟ್ಟ ಡಾಕ್ಟರು ಹೇಳಿದ್ರಂತೆ."

"ಇಷ್ಟು ದಿನ ಯಾಕ ಹೇಳಲಿಲ್ಲೋ ಮಾರಾಯಾ?" ಎಂದೆ.

"ನೀವು ಎಲ್ರಿಗೂ ಹೇಳ್ತಿದ್ರಿ ಸಾರ್. ನನ್ನತ್ರ ಕೇಳ್ಲೇ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಹಾಲು ನಕ್ಕಿತು. ನೇತ್ರಾ ಮುಖ ಮುಚ್ಚಿಕೊಂಡಳು. ಪೇಡಾ ಮಾತ್ರ ಪೇಟಾ ಕಣ್ಣು ಮುಚ್ಚಿದ್ದರೂ ಬಾಲ ಅಲ್ಲಾಡಿಸಿದ.

ಆ ದಿನ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ನಗೆಪಾಟಲಾದದ್ದಕ್ಕಲ್ಲ, ಅದು ನನಗೆ ರೂಢಿಯಿದೆ. ನನ್ನ ರಕ್ತ ಸೋರುತ್ತಿದ್ದಾಗ ತನ್ನ ಕೈಯಿಂದಲೂ ರಕ್ತ ಸುರಿಸಿಕೊಂಡು ಪಕ್ಕದಲ್ಲಿ ಕೂತಿದ್ದವಳ ಹೆಸರೂ ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಉಸಿರಾಡಿದ್ದು ಅವಳ ದಯೆಯಿಂದ, ಶಾಲು ಹೊದಿಸಿದ್ದು ಅವಳನ್ನು ಕಚ್ಚಿದವನಿಗೆ.

ಮರುದಿನ ರಂಜನಾಳನ್ನು ಕರೆದುಕೊಂಡು ಹೊರಟೆ. ಐತ ಗುರುತು ಹೇಳಿದ್ದ. ಬೈಕುಲ್ಲಾ ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನ ಮೇಲೆ ಕೊತ್ತಂಬರಿ, ಮೆಂತ್ಯ ಹರವಿಕೊಂಡು ಕುಳಿತಿದ್ದಳು. ಹೆಸರು ನೀಲಾಬಾಯಿ, ವಿಜಯಪುರದ ಕಡೆಯವಳು. ಮುಂಗೈ ಮೇಲೆ ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು. ನನ್ನನ್ನು ನೋಡಿದವಳೇ ಹಣಿಕಿ ನನ್ನ ಹಿಂದೆ ನೋಡಿದಳು.

"ನಾಯಿ ತಂದೀರೇನು?"

"ಇಲ್ಲ ತಾಯಿ," ಎಂದೆ. ರಾತ್ರಿಯಿಡೀ ತಯಾರಿಸಿದ್ದ ಮಾತು ಶುರುಮಾಡಿದೆ. "ನನ್ನ ಬಾಳಿನ ಈ ಪುನರ್ಜನ್ಮಕ್ಕ ಕಾರಣರಾದ ತಮಗ, ನಮ್ಮ ಕುಟುಂಬದ ಪರವಾಗಿ, ಹಂಗ ನಮ್ಮ ಮಿತ್ರಕೂಟದ ಪರವಾಗಿ..."

"ಸ್ವಲ್ಪ ಬಾಜೂಕ ಸರೀರಿ. ಗಿರಾಕಿ ನಿಂತಾರ."

ಸರಿದೆ. ರಂಜನಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ರಂಜನಾಳ ಕಣ್ಣಿಂದ ನೀರು ಇಳಿಯುತ್ತಿತ್ತು. ನೀಲಾಬಾಯಿ ಇನ್ನೊಂದು ಕೈಯಿಂದ ಅವಳ ಬೆನ್ನು ಸವರಿದಳು. ಗಿರಾಕಿ ಕಾಯುತ್ತಾ ನಿಂತ, ಆದರೂ ರಂಜನಾಳಿಗೆ ಮಾತ್ರ ಅವಳು ಬಾಜೂಕ ಸರಿ ಎನ್ನಲಿಲ್ಲ. ಇಬ್ಬರೂ ಸೇರಿ ನನ್ನ ಭಾಷಣವನ್ನು ಹೀಗೆ ಮುಗಿಸಿದರು.

ನಿಮಗೊಂದು ಸತ್ಕಾರ ಇಟ್ಟುಕೊಳ್ಳೋಣ ಎಂದೆ. ನೀಲಾಬಾಯಿ ಜೋರಾಗಿ ನಕ್ಕಳು.

"ನಾಯಿಗೆ ಹೊಚ್ಚಿದ ಶಾಲು ನನಗ್ಯಾಕ್ರೀ ಅಣ್ಣಾ? ಮಾರ್ಕೆಟ್ಟಿನಾಗ ಎಲ್ಲಾರಿಗೂ ಗೊತ್ತಾಗೇತಿ. ನನಗ ಏನೂ ಬ್ಯಾಡ. ಮಾಡೂದಾದ್ರ ಒಂದ ಮಾಡ್ರಿ. ನಿಮ್ಮ ಗಲ್ಲಿನಾಗ ಹಾಯಾಕ ನನಗ ಧೈರ್ಯ ಇಲ್ಲ. ಬುಟ್ಟಿ ಹೊತ್ಕೊಂಡು ದಿನಾ ಸುತ್ತ ಹಾಕಿ ಬರ್ತೀನಿ. ಆ ನಾಯಿಗೆ ಒಂದ ಮಾತು ಕೇಳೂದು ಕಲಸ್ರಿ."

ಹೀಗೆ ನಾವು ಬಾಂದ್ರಾದ ಒಂದು ನಾಯಿ ತರಬೇತಿ ಮೈದಾನಕ್ಕೆ ಸೇರಿದೆವು. ಕಲಿಸುವವನು ನೇತ್ರಾಳ ಗೆಳೆಯ ಅಮೋಲ್, ಬೆಳಗಾವಿಯವರ ಮಗ, ಹುಟ್ಟಿದ್ದು ಬೆಳೆದದ್ದೆಲ್ಲ ಮುಂಬಯಿ. ಅಲ್ಲಿದ್ದ ನಾಯಿಗಳೆಲ್ಲ ಬಾಂದ್ರಾದ ಶ್ರೀಮಂತ ಮನೆಗಳವು. ಶಾಂಪೂ ವಾಸನೆ, ಕೊರಳಲ್ಲಿ ಬಣ್ಣದ ರುಮಾಲು. ಹೇಳಿದ ಕೂಡಲೇ ಕೂರುತ್ತಿದ್ದವು. ಪೇಡಾ ಹೋದವನೇ ಧೂಳಿನಲ್ಲಿ ಬೆನ್ನ ಮೇಲೆ ಹೊರಳಾಡಿದ.

ನಾನು ಅವನಿಗೆ ತಿಳಿಹೇಳುವುದನ್ನು ಅಮೋಲ್ ಸ್ವಲ್ಪ ಹೊತ್ತು ನೋಡಿದ.

"ಅಂಕಲ್, ಡಾಗ್ ಏಕ್‌ದಮ್ ಠೀಕ್ ಐತಿ. ಪ್ರಾಬ್ಲೆಮ್ ನೀವು. ಬಹಳ ಬೋಲ್ತೀರಿ. ಒಂದೇ ವರ್ಡ್. ಬಸ್."

"ಕಾರಣ ಹೇಳದನ ಹೆಂಗಪ್ಪಾ?"

"ಕಾರಣ ಅವನಿಗೆ ನಕೋ, ಬೇಡ ಅಂಕಲ್."

ಯಾವ ಒಂದು ಶಬ್ದ ಎನ್ನುವುದೇ ತಕರಾರಾಯಿತು. ನೇತ್ರಾ ಅವನಿಗೆ ಸಿಟ್ ಎನ್ನುತ್ತಿದ್ದಳು, ಕೆಲಸದವಳು ಬೈಠ್ ಎನ್ನುತ್ತಿದ್ದಳು, ರಂಜನಾ ಕುಂಡ್ರು ಎನ್ನುತ್ತಿದ್ದಳು, ನಾನು ಪ್ರವಚನ ಮಾಡುತ್ತಿದ್ದೆ. ನಾಯಿ ಯಾರ ಮಾತು ಕೇಳಬೇಕು? ಕೊನೆಗೆ ಕುಂಡ್ರು ಎಂದೇ ತೀರ್ಮಾನವಾಯಿತು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ ಎಂದ ಅಮೋಲ್. ನಾನು ಸ್ನಾನದ ಮನೆಯ ಕನ್ನಡಿಗೆ ಕುಂಡ್ರು, ಕುಂಡ್ರು ಎನ್ನುವುದನ್ನು ಕೇಳಿ ರಂಜನಾ ಹೊರಗಿನಿಂದ ಹೇಳಿದಳು: "ಮದುವಿ ಆದಾಗಿಂದ ಇದಕ್ಕ ಕಾದೀನ್ರೀ, ನೀವು ಒಂದ ಮಾತಾಡಿ ಸುಮ್ಮನಾಗೂದು."

ಹೇಳುವುದು ಸುಲಭ, ಹೇಳಿ ಸುಮ್ಮನಿರುವುದು ಕಷ್ಟ. ಒಂದು ಭಾನುವಾರ ಮೈದಾನದಲ್ಲಿ ಕುಂಡ್ರು ಎಂದು ತುಟಿ ಕಚ್ಚಿ ನಿಂತೆ. ಪೇಡಾ ನನ್ನ ಮುಖ ನೋಡಿದ. ಮುಂದಿನ ವಾಕ್ಯಕ್ಕೆ ಕಾದ. ವಾಕ್ಯ ಬರಲಿಲ್ಲ. ಅನುಮಾನದಿಂದ ಒಮ್ಮೆ ತಲೆ ಓರೆ ಮಾಡಿದ. ಆಮೇಲೆ ಮೆಲ್ಲಗೆ ಕುಳಿತುಬಿಟ್ಟ. ನಾನೂ ಅಲ್ಲೇ ನೆಲದ ಮೇಲೆ ಕುಳಿತು ಅವನ ಕೊರಳು ತಬ್ಬಿಕೊಂಡೆ. ತಬ್ಬಿಕೊಂಡ ಕೂಡಲೇ ಅವನು ಎದ್ದುಬಿಟ್ಟ. ನಾನು ಏಳಲು ಇಬ್ಬರು ಬೇಕಾಯಿತು.

ಸಾಕಷ್ಟು ಅಭ್ಯಾಸವಾದ ಮೇಲೆ ನೀಲಾಬಾಯಿಗೆ ಹೇಳಿ ಕಳಿಸಿದೆವು. ಮರುದಿನ ಮುಂಜಾನೆ ಗಲ್ಲಿಯ ತುದಿಯಲ್ಲಿ ಅವಳ ಬುಟ್ಟಿ ಕಂಡಿತು. ಪೇಡಾನ ಕಿವಿ ನೆಟ್ಟಗಾದವು. ಗಂಟಲಲ್ಲಿ ಗುರ್ ಎಂದಿತು. ನನ್ನ ಬಾಯಲ್ಲಿ ಒಂದು ದೊಡ್ಡ ವಾಕ್ಯ ತಯಾರಾಗಿ ನಿಂತಿತು. ನುಂಗಿದೆ.

"ಕುಂಡ್ರು."

ಪೇಡಾ ಕುಳಿತ. ಕುಳಿತವನು, ಕುಳಿತಂತೆಯೇ, ಒಂದಿಷ್ಟು ಮುಂದೆ ಸರಿದ. ಮತ್ತೊಂದಿಷ್ಟು ಸರಿದ. ನೀಲಾಬಾಯಿ ಅಲ್ಲೇ ನಿಂತುಬಿಟ್ಟಳು. ಆಗ ರಂಜನಾ ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ದನಿ ಏರಿಸದೆ ಅದೇ ಮಾತು ಹೇಳಿದಳು. ಪೇಡಾ ಕಲ್ಲಿನ ಬಸವಣ್ಣನಂತೆ ಕುಳಿತ. ನೀಲಾಬಾಯಿ ಗೋಡೆಗೆ ಅಂಟಿಕೊಂಡು, ಬುಟ್ಟಿಯನ್ನು ಅವನ ಕಡೆ ಮಾಡಿ ಹಾದು ಬಂದಳು. ದಾಟಿದ ಮೇಲೆ ದೊಡ್ಡದೊಂದು ಉಸಿರು ಬಿಟ್ಟಳು.

"ನಾಳಿಂದ ಇದ ದಾರಿ ಬರ್ತೀನಿ. ಆದ್ರ ಹಗ್ಗ ಅಕ್ಕಾರ ಕೈಯಾಗ ಇರಲ್ರಿ. ಅಣ್ಣಾರು ಹಿಂದ ನಡೀಲಿ."

ಒಪ್ಪಿದೆ. ಅಂದಿನಿಂದ ಇಂದಿನವರೆಗೆ ಅದೇ ವ್ಯವಸ್ಥೆ.

ಐತ ತನ್ನ ಸ್ಟೂಲು ಕೊಟ್ಟ. ನೀಲಾಬಾಯಿ ಗೇಟಿನ ಒಳಗೆ ಕುಳಿತು ರಂಜನಾ ತಂದ ಚಹಾ ಕುಡಿದಳು, ಒಂದು ಕಣ್ಣು ಪೇಡಾನ ಮೇಲೇ ಇತ್ತು. ಇನ್ನೂ ಪ್ರೀತಿಯೇನೂ ಹುಟ್ಟಿರಲಿಲ್ಲ, ಹುಟ್ಟಬೇಕೆಂದೂ ನನಗನಿಸಲಿಲ್ಲ. ಮೋಡ ಕವಿದ ದಿನ ಕೈ ಸೆಳೆಯುತ್ತದೆ ಎಂದಳು. ನನಗೆ ಕಾಲು ಎಂದೆ.

ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತೊಂದಿತ್ತು. "ನೀಲಾಬಾಯಿ, ಅವತ್ತು ಟ್ಯಾಕ್ಸಿನಾಗ ನೀವು ನನ್ನ ಜೋಡಿ ಮಾತಾಡಾಕತ್ತಿದ್ರಂತ. ಡ್ರೈವರ್ ರಂಜನಾಗ ಹೇಳ್ಯಾನ. ಏನು ಮಾತಾಡಿದ್ರಿ?"

ಅವಳು ಚಹಾ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು.

"ಏನ್ ಮಾತ್ರೀ ಅಣ್ಣಾ? ನೀವು ಕಣ್ಣು ಮುಚ್ಚಾಕತ್ತಿದ್ರಿ. ಮುಚ್ಚಿದ್ರ ಹೋಗಿಬಿಡ್ತೀರಿ ಅಂತ ಅಂಜಿಕಿ ಬಂತು. ನಮ್ಮೂರಾಗ ಎಷ್ಟು ಬೈಗುಳ ಅದಾವು, ಅಷ್ಟೂ ಬೈದೆ. ಒಂದೊಂದು ಬೈದಾಗೂ ಕಣ್ಣು ತಗದು ನನ್ನ ನೋಡ್ತಿದ್ರಿ. ಸಿಟ್ಟು ಬರ್ತಿತ್ತು ಕಾಣ್ತೈತಿ."

"ಯಾವ್ಯಾವು ಬೈದ್ರಿ?"

"ಈಗ ಬ್ಯಾಡ್ರಿ. ಅಕ್ಕಾರು ಅದಾರ."

ರಂಜನಾ ನಕ್ಕುನಕ್ಕು ಗೇಟಿಗೆ ಒರಗಿದಳು. ನಾನೂ ನಗಲು ಹೋದೆ. ಪಕ್ಕೆ ಚುಳ್ ಎಂದಿತು. ಭಾಷಣದ ಬದಲು ಬರೀ ಕೈ ಜೋಡಿಸಿದೆ. ನೀಲಾಬಾಯಿ ತಲೆಯಾಡಿಸಿ, ತಲೆ ಮೇಲಿನ ಸಿಂಬಿ ಸರಿಮಾಡಿಕೊಂಡು, ಬುಟ್ಟಿ ಎತ್ತಿಕೊಡಲು ಐತನನ್ನು ಕರೆದಳು.